ಬಿಸಲಿನ ದರ

ಜಾಗಾ ತೋರಸೂ ಗಂಗಣ್ಣ ಉಳ್ಳಾಗಡ್ಡಿ ಮೊದಲ ಕೇಳಿದ್ದು:
ಬಜೆಟ್ ಎಷ್ಟ್ರಿ ಅಕ್ಕಾರ?
ನಾ ಕೇಳಿದ್ದು:
ಅಲ್ಲೆ ಬಿಸಲು ಎಷ್ಟೊತ್ತಿಗೆ ಬರ್ತದ, ಎಷ್ಟೊತ್ತಿಗೆ ಹೋಗ್ತದ?
ಅವ ಫೈಲು ತಿರುವಿ ತಿರುವಿ ನೋಡಿದ.
ಉತಾರ, ಎನ್‌ಎ ಆರ್ಡರು, ನಕಾಶಿ, ಎಲ್ಲಾ ಇತ್ತು ಅದರಾಗ,
ಅದೊಂದು ಇರಲಿಲ್ಲ.

ಹದಿನೇಳು ವರ್ಷ ಆತು, ನಾನೂ ದಾವಲಬೀನೂ
ಹಪ್ಪಳ ಸಂಡಿಗಿ ಮಾಡಾಕ ಹತ್ತಿ,
ಬಾಡಗಿ ಮನಿ ಮಾಳಗಿ ಮ್ಯಾಲೆ.
ಮಗ್ಗಲ ಮನಿ ಮೂರನೇ ಮಜಲಿ ಏರಿದ ದಿನದಿಂದ
ಬಿಸಲು ಹನ್ನೊಂದೂವರಿಗೆ ಬಂದು
ಎರಡಕ್ಕ ಎದ್ದು ಹೋಗ್ತದ,
ಆಫೀಸಿನ ದೊಡ್ಡ ಸಾಹೇಬರ ಹಂಗ.

ಮೊದಲ ಧಾರವಾಡ ನೋಡಿದಿವಿ, ಕೆಲಗೇರಿ ಕಡೆ.
ಮಣ್ಣು ಕೆಂಪು, ಗಾಳಿ ತಂಪು, ಮಂದಿ ಮೆತ್ತಗ ಮಾತಾಡ್ತಾರ.
ದಾವಲಬೀ ಜೀವ ಅಲ್ಲೇ ಕುಂತುಬಿಟ್ಟಿತ್ತು.
ಆದರ ಜೂನಕ್ಕ ಹಿಡಿದ ಜಿಟಿಜಿಟಿ
ದಸರಾ ಬಂದ್ರೂ ಒಮ್ಮೊಮ್ಮೆ ಬಿಡೂದಿಲ್ಲ ಅಂತ
ಅಲ್ಲೀ ಚಾದಂಗಡಿಯವನೇ ಅಂದ.
ಧಾರವಾಡ ಮನಸಿಗೆ ಛಲೋ,
ಸಂಡಿಗಿಗೆ ಬೂಸಲು.

ನವನಗರ ಎರಡೂ ಊರಿನ ನಡುವ.
ಚಿಗರಿ ಬಸ್ಸು ಕರದ್ರ ಓ ಅಂತದ, ಏರ್‌ಪೋರ್ಟು ಸಮೀಪ,
ಗಂಗಣ್ಣ ಬಟ್ಟು ಮಡಚಿ ಎಣಿಸಿದ.
ನನ್ನ ಹಪ್ಪಳ ವಿಮಾನ ಹತ್ತೂದಿಲ್ಲಪಾ, ಅಂದೆ.
ಬಿಸಲು ಛಲೋ ಇತ್ತು. ರೇಟು ಕೇಳಿ
ಇಬ್ಬರೂ ಬಾಟಲಿ ನೀರು ಕುಡದು ಬಂದಿವಿ.

ಗೋಕುಲ ರೋಡಿನ ಆಚೆ ಒಂದು ಹೊಸಾ ಲೇಔಟು.
ಬೋರ್ಡಿನ ಮ್ಯಾಲೆ ನೀಲಿ ಸಮುದ್ರ, ಸುಣ್ಣದಂಥಾ ಬಿಳಿ ಮನಿ,
ಛತ್ರಿ ಕೆಳಗ ಮಕ್ಕೊಂಡ ಹೆಣ್ಣಮಗಳು.
ಇದು ಯಾವ ದೇಶದ್ರಿ? ದಾವಲಬೀ ಕೇಳಿದಳು.
ಫಾರಿನ್ ರಿ. ಅಲ್ಲೆ ಬಿಸಲಿಗೇ ರೊಕ್ಕಾ ಕೊಡ್ತಾರಂತ,
ಸಮುದ್ರದ ದಂಡಿಗೆ ಮನಿ ತಗೊಂಡು ಮೈ ಒಣಸಾಕ.
ನಾವಿಬ್ಬರೂ ಮಾರಿ ಮಾರಿ ನೋಡಿಕೊಂಡಿವಿ.
ಮೈ ಒಣಸಾಕ!
ಕಾಲಾಗ ಎರಿ ಮಣ್ಣು, ಬಟ್ಟಲು ಬಿದ್ರ ಸಿಗದಂಥಾ ಬಿರುಕು.
ಮಗ್ಗಲಕ್ಕ ಹನ್ನೆರಡು ಮಜಲಿಗೆ ಪಾಯಾ ತೋಡಿದ್ರು.
ಇನ್ನೂ ಏಳದ ಆ ಕಟ್ಟಡದ ನೆರಳು
ಎಲ್ಲಿ ತನಕ ಬಿದ್ದೀತು ಅಂತ ನಾ ಹೆಜ್ಜಿ ಎಣಿಸಿಕೋತ ಹೋದೆ.
ನಮ್ಮ ಥರ್ಟಿ ಫಾರ್ಟಿ ಮುಗೀತು, ಗಟಾರ ದಾಟಿತು,
ಇನ್ನೂ ಹೊಂಟಿತ್ತು.

ತಾರಿಹಾಳ ಕಡೆ ಬಿಸಲು ಭರಪೂರ.
ತಾಟಿನ ಮ್ಯಾಲೆ ನಾಕು ಹಸಿ ಸಂಡಿಗಿ ಬಿಟ್ಟು
(ಹೋದಲ್ಲೆಲ್ಲಾ ಡಬ್ಬಿಯೊಳಗ ಹಿಟ್ಟು ಒಯ್ತಿದ್ದೆ)
ತಾಸು ಬಿಟ್ಟು ನೋಡಿದ್ರ
ನಾ ಹಾಕದ ಜೀರಗಿ ಬಿದ್ದಿತ್ತು ಅದರಾಗ,
ಕರೀದು, ಫ್ಯಾಕ್ಟರಿ ಕೊಳವಿಯಿಂದ.

ಆರನೇ ಐತಾರ ಗಂಗಣ್ಣ ಸಾಕಾಗಿ
ತೋರಸಬಾರದ ಜಾಗಾ ಒಂದು ತೋರಿಸಿದ,
ಹಳೇ ಹುಬ್ಬಳ್ಳಿ ದಾಟಿ.
ದಕ್ಷಿಣಕ್ಕ ಉದ್ದಾನ ಗ್ವಾಡಿ.
ಗ್ವಾಡಿ ಆಚೆ ಏನದ ಅಂದ್ರ ಕೆಮ್ಮಿದ.
ದಾವಲಬೀ ಕಲ್ಲು ಏರಿ ಇಣಕಿದಳು:
ಹುಲ್ಲು, ಸಮಾಧಿ, ಸಮಾಧಿ, ಒಂದು ಆಡು,
ಮತ್ತ ಸಮಾಧಿ.
ಅದಕ್ಕ ಅರ್ಧಾ ರೇಟ್ರಿ, ಅಂದ ನೆಲಾ ನೋಡಿಕೋತ.

ಕಾರ್ತಿಕ ಮಾಸ. ಸೂರ್ಯ ದಕ್ಷಿಣಕ್ಕ ವಾಲಿದ್ದ.
ಅಡ್ಡ ಒಂದು ತಂತಿ ಸೈತ ಇರಲಿಲ್ಲ ಅವಗ.
ಮುಂಜಾನೆ ಬಿಟ್ಟ ಸಂಡಿಗಿ ಸಂಜಿ ನಾಕಕ್ಕ
ತಾವ ತಾಟು ಬಿಟ್ಟು ಎದ್ದಿದ್ದವು.
ಗಂಗಣ್ಣಾ, ಸತ್ತವರು ಎರಡನೇ ಮಜಲಿ ಕಟ್ಟೂದಿಲ್ಲಪಾ, ಅಂದೆ.
ನಗಬೇಕೋ ಬ್ಯಾಡೋ ತಿಳೀದ
ಅವ ಹೆಲ್ಮೆಟ್ಟಿನ ಧೂಳಿ ಒರಿಸಿದ.

ದಾವಲಬೀ ಇನ್ನೂ ಗ್ವಾಡಿ ಮ್ಯಾಲೆ ಕೈ ಇಟ್ಟು ನಿಂತಿದ್ದಳು.
ಯಾಕ, ಅಂಜಿಕಿ ಬಂತೇನ?
ಇವರಿಗ್ಯಾಕ ಅಂಜೂದು, ಅಂದಳು,
ಎಡಿ ತಿಂದು ರೂಢಿಯಾದ ಕಾಗಿ ಅದಾವು ಇಲ್ಲೆ.
ಒಬ್ಬರು ದಿನಾ ಕೋಲು ಹಿಡದು ಕುಂದ್ರಬೇಕು.

ಖರೇನ. ಅದನ್ನ ನಾ ಲೆಕ್ಕಕ್ಕ ಹಿಡಿದಿದ್ದಿಲ್ಲ.
ಕಾಗಿ ಸಲುವಾಗಿ ಗಂಗಣ್ಣ
ಇನ್ನೂ ಹದಿನೈದು ಸಾವಿರ ಬಿಟ್ಟ.